ಕಾರಿಲ್ಲದೆ ಕಡಲತೀರ: ಒಂದೇ ಊರೋ, ಬಸ್ಸಿನ ದಾರಿಯೋ, ದ್ವೀಪಗಳ ಸರಣಿಯೋ?

ಕಾರು ಓಡಿಸಲು ಬಾರದವರೂ, ಬಂದರೂ ರಜೆಯಲ್ಲಿ ಸ್ಟಿಯರಿಂಗ್ ಮುಟ್ಟಲು ಒಲ್ಲೆ ಎನ್ನುವವರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಏಳೆಂಟು ದಿನ ಬಿಡುವಿದೆ. ಬಸ್ಸು, ಫೆರ್ರಿಗಳನ್ನೇ ನಂಬಿ ಕಡಲತೀರ ಸುತ್ತಬೇಕು. ಗ್ರೀಸಿಗೆ ಹೋಗಲೋ, ಕ್ರೊಯೇಷಿಯಾಕ್ಕೋ, ಇಟಲಿಯ ಅಮಾಲ್ಫಿಗೋ, ನಾರ್ವೆಗೋ?"

ದೇಶದ ಹೆಸರು ಹಿಡಿದು ಹೊರಟರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಎಲ್ಲ ಕಡೆಯೂ ನೀಲಿ ನೀರಿದೆ, ಎಲ್ಲ ಕಡೆಯೂ ಸೂರ್ಯಾಸ್ತದ ಫೋಟೊ ಚೆನ್ನಾಗಿಯೇ ಬರುತ್ತದೆ. ಕಾರಿಲ್ಲದ ಪ್ರವಾಸಿಯ ಸುಖದುಃಖ ನಿಂತಿರುವುದು ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ, ಹಡಗುಕಟ್ಟೆಯಿಂದ ಹಾಸಿಗೆಗೆ ಎಷ್ಟು ದೂರ ಎಂಬಂಥ ಸಣ್ಣ ಸಂಗತಿಗಳ ಮೇಲೆ. ಆದ್ದರಿಂದ ನಾನು ಮೊದಲು ಕೇಳುವುದು ಪ್ರವಾಸದ ರೀತಿಯನ್ನು. ಒಂದೇ ಊರಲ್ಲಿ ಬೀಡುಬಿಟ್ಟು ದಿನವೂ ಹೋಗಿಬರುವುದು ಒಂದು. ಕರಾವಳಿಯ ಬಸ್ ಹಿಡಿದು ಊರಿಂದೂರಿಗೆ ಸರಿಯುವುದು ಇನ್ನೊಂದು. ದ್ವೀಪದಿಂದ ದ್ವೀಪಕ್ಕೆ ಹಾಯುವುದು ಮೂರನೆಯದು. ಹಡಗಿನಲ್ಲೇ ಮಲಗೆದ್ದು ತೀರದುದ್ದಕ್ಕೂ ಸಾಗುವುದು ನಾಲ್ಕನೆಯದು. ಇವುಗಳಲ್ಲಿ ಒಂದು ಮನಸ್ಸಿಗೆ ಒಗ್ಗಿದರೆ ದೇಶದ ಆಯ್ಕೆ ಅರ್ಧ ಮುಗಿದಂತೆ.

ಯಾವುದರಿಂದ ಅಳೆಯಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಇದು ತಪ್ಪಿದರೆ ಮುಂದಿನದು ಯಾವಾಗ? ಇಪ್ಪತ್ತು ನಿಮಿಷಕ್ಕೊಂದು ದೋಣಿಯಿರುವ ಕಡೆ ತಡವಾದರೆ ಹೋಗುವುದು ಇಪ್ಪತ್ತು ನಿಮಿಷ. ದಿನಕ್ಕೆ ಎರಡೇ ದೋಣಿಯಿರುವ ಕಡೆ ಒಂದು ರಾತ್ರಿಯ ಕೋಣೆಯ ಬಾಡಿಗೆಯೇ ಹೋಗುತ್ತದೆ.

ವೇಳಾಪಟ್ಟಿ ಓದುವುದೂ ಒಂದು ವಿದ್ಯೆ. ಒಮ್ಮೆ ಒಂದು ಪುಟ್ಟ ದ್ವೀಪದಲ್ಲಿ, ಬಸ್ ತಂಗುದಾಣದ ಗಾಜಿನ ಹಿಂದೆ ಅಂಟಿಸಿದ್ದ ಪಟ್ಟಿಯಲ್ಲಿ 5:40 ಎಂದು ಕಂಡದ್ದೇ ಸಾಕೆಂದು ಮರಳಿನಲ್ಲಿ ಹಾಯಾಗಿ ಕುಳಿತಿದ್ದೆ. ಆ ಅಂಕಿಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ನಕ್ಷತ್ರ ಚಿಹ್ನೆಯೊಂದಿತ್ತು. ಅದರ ಅರ್ಥ ಬರೆದಿದ್ದದ್ದು ಪಟ್ಟಿಯ ಬುಡದಲ್ಲಿ, ತುಕ್ಕು ಹಿಡಿದ ಚೌಕಟ್ಟು ಅರ್ಧ ನುಂಗಿದ್ದ ಸಾಲಿನಲ್ಲಿ: ಶಾಲೆ ಇರುವ ದಿನಗಳಲ್ಲಿ ಮಾತ್ರ. ಅದು ಜುಲೈ ತಿಂಗಳು, ಶಾಲೆಗಳಿಗೆಲ್ಲ ರಜೆ. ಒಂಬತ್ತು ಕಿಲೋಮೀಟರ್ ನಡೆದು ಬಂದರು ಸೇರುವ ಹೊತ್ತಿಗೆ ಫೆರ್ರಿ ನೀರಿನ ಮೇಲೆ ಬಿಳಿ ಗೆರೆ ಎಳೆದು ಹೊರಟುಹೋಗಿತ್ತು. ಆಮೇಲಿನಿಂದ ಯಾವ ವೇಳಾಪಟ್ಟಿಯನ್ನೂ ನಾನು ಬುಡದಿಂದ ಮೇಲಕ್ಕೆ ಓದುತ್ತೇನೆ.

ಎರಡನೆಯದು ಕಟ್ಟೆಯಿಂದ ಕೋಣೆಗಿರುವ ದೂರ. ಟಿಕೆಟಿನ ಮೇಲೆ ದ್ವೀಪದ ಹೆಸರಿದ್ದ ಮಾತ್ರಕ್ಕೆ ಹಡಗು ನೀವು ಅಂದುಕೊಂಡ ಊರಿಗೇ ಹೋಗುತ್ತದೆ ಎಂದಲ್ಲ. ಗ್ರೀಸಿನ ಸ್ಯಾಂಟೊರಿನಿಯಲ್ಲಿ ದೊಡ್ಡ ಫೆರ್ರಿಗಳು ನಿಲ್ಲುವ ಅಥಿನಿಯೋಸ್ ಬಂದರು ಕಡಿದಾದ ಬಂಡೆಗೋಡೆಯ ಬುಡದಲ್ಲಿದೆ. ಫೋಟೊಗಳಲ್ಲಿ ಕಾಣುವ ಬಿಳಿ ಮನೆಗಳು ತಲೆಯ ಮೇಲೆ ಎಲ್ಲೋ ಇರುತ್ತವೆ. ಅಲ್ಲಿಂದ ಬಸ್ಸಿದೆ ನಿಜ, ಆದರೆ ಒಂದು ಹಡಗು ಉಗುಳಿದ ಜನರೆಲ್ಲ ಅದೇ ಬಸ್ಸಿಗೆ ಮುಗಿಬೀಳುತ್ತಾರೆ.

ಮೂರನೆಯದು ಗಂಟುಮೂಟೆ. ನಿಮ್ಮ ಪೆಟ್ಟಿಗೆಯನ್ನು ನೀವೊಬ್ಬರೇ ಎತ್ತಿಕೊಂಡು ನಾಲ್ಕು ಮಹಡಿ ಹತ್ತಬಲ್ಲಿರಾ? ಇಲ್ಲವೆಂದಾದರೆ ಮೇಲೆ ಹೇಳಿದ ನಾಲ್ಕು ರೀತಿಗಳಲ್ಲಿ ಎರಡು ನಿಮಗೆ ಒಗ್ಗುವುದಿಲ್ಲ.

ಇನ್ನು ಋತು ಮತ್ತು ಗಾಳಿ. ಪ್ರವಾಸಿಗರಿಗೆಂದೇ ಓಡುವ ದೋಣಿಗಳು ಬೇಸಿಗೆ ಮುಗಿಯುತ್ತಲೇ ನಿಲ್ಲುತ್ತವೆ. ಅಲ್ಲಿನ ಜನ ಆಸ್ಪತ್ರೆಗೆ, ಕಚೇರಿಗೆ, ಶಾಲೆಗೆ ಹೋಗಲು ಬಳಸುವ ಫೆರ್ರಿಗಳು ಚಳಿಗಾಲದಲ್ಲೂ ಓಡುತ್ತವೆ. ಯಾವ ಕರಾವಳಿಯನ್ನು ನೋಡುವಾಗಲೂ "ಈ ದೋಣಿ ಯಾರಿಗಾಗಿ ಇದೆ?" ಎಂದು ಕೇಳಿಕೊಳ್ಳಿ. ಊರಿನವರಿಗಾಗಿ ಇರುವ ದೋಣಿ ಅಗ್ಗ, ಹೆಚ್ಚು ಬಾರಿ ಓಡುತ್ತದೆ, ಸುಲಭಕ್ಕೆ ರದ್ದಾಗುವುದಿಲ್ಲ.

ಹಣದ ವಿಷಯದಲ್ಲಿ ಒಂದು ಸಮಾಧಾನವಿದೆ. ಕಾರು ಸಾಗಿಸುವ ಫೆರ್ರಿಗಳಲ್ಲಿ ದುಬಾರಿಯಾದದ್ದು ಕಾರಿನ ಜಾಗ, ಮೊದಲು ಭರ್ತಿಯಾಗುವುದೂ ಅದೇ. ಕಾಲ್ನಡಿಗೆಯ ಪ್ರಯಾಣಿಕರಿಗೆ ಟಿಕೆಟು ಬಹಳ ಕಡಿಮೆ, ಜಾಗವೂ ಸಾಮಾನ್ಯವಾಗಿ ಸಿಗುತ್ತದೆ. ಕಾರಿಲ್ಲದವರ ಖರ್ಚು ಏರುವುದು ಕೋಣೆಯಲ್ಲಿ, ಏಕೆಂದರೆ ಬಂದರಿನ ಪಕ್ಕದಲ್ಲೇ ಉಳಿಯಬೇಕಾಗುತ್ತದೆ. ಊರಾಚೆಯ ಅಗ್ಗದ ಮನೆಯನ್ನು ಹಿಡಿದು ಪ್ರತಿ ರಾತ್ರಿ ಟ್ಯಾಕ್ಸಿಗೆ ದುಡ್ಡು ಸುರಿಯುವವರನ್ನು ಕಂಡಿದ್ದೇನೆ. ಅದು ಉಳಿತಾಯದ ಲೆಕ್ಕವೇ ಅಲ್ಲ.

ಒಂದೇ ಊರಲ್ಲಿ ಬೀಡು

ಮೊದಲ ಬಾರಿ ಕಾರಿಲ್ಲದೆ ಹೊರಡುವವರಿಗೆ, ಮಕ್ಕಳೊಂದಿಗರಿಗೆ, ಮಂಡಿನೋವಿನವರಿಗೆ ನನ್ನ ಮತ ಇದಕ್ಕೇ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಮತ್ತೆ ಕಟ್ಟುವುದು ಹೊರಡುವ ದಿನ. ಮಳೆ ಬಂದರೆ ಮಲಗಬಹುದು. ಒಂದು ದಿನದ ದೋಣಿ ರದ್ದಾದರೆ ಆ ಒಂದು ದಿನ ಮಾತ್ರ ಕೆಡುತ್ತದೆ, ಮುಂದಿನ ಮೂರು ಕೋಣೆಗಳ ಮುಂಗಡ ಮುಳುಗುವುದಿಲ್ಲ.

ಊರು ಆರಿಸುವ ಗುಟ್ಟು ಏನೆಂದರೆ ರೈಲು, ಬಸ್ಸು, ಹಡಗು ಮೂರೂ ಒಂದೇ ಅಂಗಳದಲ್ಲಿರಬೇಕು. ಕ್ರೊಯೇಷಿಯಾದ ಸ್ಪ್ಲಿಟ್ ಹಾಗಿದೆ. ರೈಲು ನಿಲ್ದಾಣ, ಬಸ್ ನಿಲ್ದಾಣ, ಫೆರ್ರಿ ಬಂದರು ಒಂದರ ಪಕ್ಕ ಒಂದು. ಬ್ರಾಚ್ ದ್ವೀಪದ ಸುಪೆಟಾರ್‌ಗೆ ಫೆರ್ರಿಯಲ್ಲಿ 50 ನಿಮಿಷ. ಸ್ಕಾಟ್ಲೆಂಡಿನ ಓಬನ್ ಕೂಡ ಅಂಥದ್ದೇ. ಗ್ಲ್ಯಾಸ್ಗೊದಿಂದ ಬರುವ ರೈಲು ಇಳಿದು ಕೆಲವೇ ಹೆಜ್ಜೆ ಇಟ್ಟರೆ ಫೆರ್ರಿಯ ಕಟ್ಟಡ.

ಓಬನ್‌ನ ಒಂದು ದಿನವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬಸ್ಸು ಮತ್ತು ಫೆರ್ರಿ ಕೈಹಿಡಿದು ನಡೆಯುವುದು ಎಂದರೆ ಏನೆಂದು ಅದರಿಂದ ತಿಳಿಯುತ್ತದೆ. ಬೆಳಗಿನ ಫೆರ್ರಿ ಹತ್ತಿದರೆ 50 ನಿಮಿಷದಲ್ಲಿ ಮಲ್ ದ್ವೀಪದ ಕ್ರೇಗ್ನ್ಯೂರ್. ಅಲ್ಲಿ ಫೆರ್ರಿಯ ಸಮಯಕ್ಕೆ ಹೊಂದಿಸಿದ ಬಸ್ಸು ಕಾದಿರುತ್ತದೆ. ಆ ಬಸ್ಸು ಒಂಟಿ ಸಾಲಿನ ರಸ್ತೆಯಲ್ಲಿ, ಎದುರು ವಾಹನ ಬಂದಾಗಲೆಲ್ಲ ಬದಿಗೆ ಸರಿದು ನಿಂತು, ಗಂಟೆಗೂ ಮೀರಿ ಸಾಗಿ ಫಿಯೊನ್‌ಫೋರ್ಟ್ ಮುಟ್ಟುತ್ತದೆ. ಅಲ್ಲಿಂದ ಹತ್ತು ನಿಮಿಷದ ಪುಟ್ಟ ಫೆರ್ರಿ ನಿಮ್ಮನ್ನು ಅಯೋನಾದಲ್ಲಿ ಇಳಿಸುತ್ತದೆ. 563ರಲ್ಲಿ ಸಂತ ಕೊಲಂಬಾ ಮಠ ಕಟ್ಟಿದ ದ್ವೀಪ ಅದು. ಹೊರಗಿನವರ ಕಾರುಗಳಿಗೆ ಅಲ್ಲಿ ಪ್ರವೇಶವಿಲ್ಲ, ಕಾರಿನಲ್ಲಿ ಬಂದವರೂ ಫಿಯೊನ್‌ಫೋರ್ಟ್‌ನಲ್ಲಿ ಅದನ್ನು ನಿಲ್ಲಿಸಿ ನಿಮ್ಮ ಜೊತೆಯೇ ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನಲ್ಲಿ ಸಿಗುವ ಸಣ್ಣ ಸಂತೋಷವನ್ನು ನಾನೇನೂ ಬಚ್ಚಿಡುವುದಿಲ್ಲ.

ಹಣ ಬಿಗಿಯಾಗಿದ್ದರೆ ದೊಡ್ಡ ನಗರವನ್ನೇ ಬೀಡಾಗಿಸಿಕೊಳ್ಳಬಹುದು. ಸಿಡ್ನಿಯ ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿ ಕಡಲತೀರಕ್ಕೆ ಫೆರ್ರಿಯಲ್ಲಿ ಅರ್ಧ ಗಂಟೆ. ಹಾಂಗ್‌ಕಾಂಗ್‌ನ ಸೆಂಟ್ರಲ್ ಕಟ್ಟೆಗಳಿಂದ ಲಾಮಾ, ಚ್ಯುಂಗ್ ಚೌ ದ್ವೀಪಗಳಿಗೆ ದಿನವಿಡೀ ದೋಣಿಗಳಿವೆ, ಎರಡರಲ್ಲೂ ಖಾಸಗಿ ಕಾರುಗಳ ಓಡಾಟವಿಲ್ಲ. ಇಸ್ತಾಂಬುಲ್‌ನ ಪ್ರಿನ್ಸಸ್ ದ್ವೀಪಗಳೂ ಹಾಗೆಯೇ, 2020ರಲ್ಲಿ ಕುದುರೆಗಾಡಿಗಳೂ ನಿಂತು ಈಗ ವಿದ್ಯುತ್ ವಾಹನಗಳು ಬಂದಿವೆ. ಇವೆಲ್ಲ ಊರಿನವರ ದೋಣಿಗಳು. ನಗರದ ಬಸ್ಸು, ಮೆಟ್ರೊಗಳಿಗೆ ಬಳಸುವ ಕಾರ್ಡೇ ಇವುಗಳಲ್ಲಿ ಬಹಳಷ್ಟಕ್ಕೂ ನಡೆಯುತ್ತದೆ.

ಈ ರೀತಿಯ ಕೊರತೆಯನ್ನೂ ಹೇಳಿಬಿಡಬೇಕು. ಹಗಲಿನ ಪ್ರವಾಸಿಗರೆಲ್ಲ ಹೊರಟ ಮೇಲೆ ದ್ವೀಪಕ್ಕೆ ಬರುವ ಆ ಸಂಜೆಯ ಮೌನ ನಿಮಗೆ ಸಿಗುವುದಿಲ್ಲ, ಹೊರಟವರ ಗುಂಪಿನಲ್ಲಿ ನೀವೂ ಇರುತ್ತೀರಿ. ಐದನೆಯ ದಿನಕ್ಕೆ ಅದೇ ಕಟ್ಟೆ, ಅದೇ ನೀರು ಎನಿಸಲೂಬಹುದು.

ಬಸ್ಸಿನ ದಾರಿ

ನಡೆಯುವವರಿಗೆ ಇದಕ್ಕಿಂತ ಮಿಗಿಲಾದದ್ದಿಲ್ಲ. ವೇಲ್ಸ್‌ನ ಪೆಂಬ್ರೋಕ್‌ಶೈರ್ ಕರಾವಳಿ ಕಾಲುದಾರಿ 1970ರಲ್ಲಿ ತೆರೆಯಿತು, ಉದ್ದ ಸುಮಾರು 300 ಕಿಲೋಮೀಟರ್. ಬೇಸಿಗೆಯಲ್ಲಿ ಅದರ ಪಕ್ಕದ ಹಳ್ಳಿಗಳನ್ನು ಪೋಣಿಸಿಕೊಂಡು ನಡಿಗೆಯವರಿಗಾಗಿಯೇ ಪುಟ್ಟ ಬಸ್ಸುಗಳು ಓಡುತ್ತವೆ. ಹಳ್ಳಿಗಾಡಿನಲ್ಲಿ ನಿಲ್ದಾಣವಿಲ್ಲದ ಕಡೆಯೂ ರಸ್ತೆ ಬದಿಯ ಸುರಕ್ಷಿತ ಜಾಗದಲ್ಲಿ ನಿಂತು ಕೈ ತೋರಿಸಿದರೆ ಹತ್ತಿಸಿಕೊಳ್ಳುತ್ತಾರೆ. ಕಾರಿನಲ್ಲಿ ಬಂದವರು ನಡೆದಷ್ಟು ದೂರ ಕಾರಿಗಾಗಿ ವಾಪಸ್ ನಡೆಯಬೇಕು. ಬಸ್ಸಿನವರಿಗೆ ಆ ದಂಡವಿಲ್ಲ.

ಇಲ್ಲಿ ಒಂದು ಉಪಾಯ. ಬೆಳಿಗ್ಗೆ ನಡೆದು ಸಂಜೆ ಬಸ್ಸಿನಲ್ಲಿ ಮರಳುವ ಯೋಜನೆ ಹಾಕಬೇಡಿ. ಬೆಳಿಗ್ಗೆಯೇ ಬಸ್ ಹತ್ತಿ ದೂರದ ತುದಿಗೆ ಹೋಗಿ, ಅಲ್ಲಿಂದ ನಿಮ್ಮ ಕೋಣೆಯ ಕಡೆಗೆ ನಡೆಯುತ್ತಾ ಬನ್ನಿ. ಆಗ ಕೊನೆಯ ಬಸ್ಸಿನ ಭಯ ದಿನವಿಡೀ ಬೆನ್ನು ಹತ್ತುವುದಿಲ್ಲ, ಮಧ್ಯಾಹ್ನ ಬಂಡೆಯ ಮೇಲೆ ಒಂದು ಗಂಟೆ ನಿದ್ದೆ ಹೋದರೂ ಯಾರೂ ಕೇಳುವುದಿಲ್ಲ.

ಇಂಗ್ಲೆಂಡಿನ ನೈರುತ್ಯ ಕರಾವಳಿಯ ಕಾಲುದಾರಿ ಇನ್ನೂ ದೊಡ್ಡದು, 1,014 ಕಿಲೋಮೀಟರ್. ದಾರಿಗೆ ಅಡ್ಡಬರುವ ಅಳಿವೆಗಳನ್ನು ಪುಟ್ಟ ದೋಣಿಗಳಲ್ಲಿ ದಾಟಬೇಕು. ಪ್ಯಾಡ್‌ಸ್ಟೊದಿಂದ ರಾಕ್‌ಗೆ, ಫೋವಿಯಿಂದ ಪೋಲ್‌ರುವಾನ್‌ಗೆ ಹೋಗಿ ಬರುವಂಥವು. ಅವುಗಳಲ್ಲಿ ಕೆಲವು ಬೇಸಿಗೆಯಲ್ಲಿ ಮಾತ್ರ ಓಡುತ್ತವೆ. ಐದು ನಿಮಿಷದ ನೀರು ದಾಟಲಾಗದೆ ಅರ್ಧ ದಿನ ಸುತ್ತಿಕೊಂಡು ಹೋಗಬೇಕಾದೀತು ಎಂಬುದು ಚಳಿಗಾಲದಲ್ಲಿ ಹೊರಡುವವರಿಗೆ ಗೊತ್ತಿರಲಿ.

ಬಸ್ಸಿನ ದಾರಿಯಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ಅಮಾಲ್ಫಿ. ಅದನ್ನು ನಾನು ಸ್ವಲ್ಪ ಹಿಂಜರಿದೇ ಹೇಳುತ್ತೇನೆ. ಬಂಡೆಗೆ ಅಂಟಿಕೊಂಡ ಆ ರಸ್ತೆ ಬಹಳ ಇಕ್ಕಟ್ಟು, ಬೇಸಿಗೆಯಲ್ಲಿ ಬಸ್ಸುಗಳು ಕಿಕ್ಕಿರಿಯುತ್ತವೆ. ಸೊರೆಂಟೊದಲ್ಲೋ ಅಮಾಲ್ಫಿಯಲ್ಲೋ, ಅಂದರೆ ಬಸ್ ಹೊರಡುವ ಊರಲ್ಲೇ ಹತ್ತಿದರೆ ಸೀಟು ಸಿಕ್ಕೀತು. ನಡುವಿನ ಪೊಸಿಟಾನೊದಲ್ಲಿ ನಿಂತವರ ಮುಂದೆ ತುಂಬಿದ ಬಸ್ಸು ನಿಲ್ಲದೆಯೇ ಹೋಗುವುದುಂಟು. ಟಿಕೆಟನ್ನು ಹತ್ತುವ ಮೊದಲೇ ಅಂಗಡಿಯಲ್ಲಿ ಕೊಂಡಿಟ್ಟುಕೊಳ್ಳಿ. ಸೊರೆಂಟೊದಿಂದ ಹೊರಟವರು ಬಲಗಡೆಯ ಕಿಟಕಿ ಹಿಡಿಯಬೇಕು, ಕಡಲು ಆ ಕಡೆಗೆ. ತಲೆಸುತ್ತು ಬರುವವರು ಎಡಗಡೆ ಕುಳಿತು ಬಂಡೆ ನೋಡುವುದೇ ಲೇಸು.

ಅಷ್ಟಾದರೂ ಅಮಾಲ್ಫಿಯೇ ಬೇಕೆಂದರೆ, ಸಲೆರ್ನೊದಲ್ಲಿ ಉಳಿಯಿರಿ. ಅದು ಪ್ರವಾಸಿಗರಿಗೆಂದು ಸಿಂಗರಿಸಿಕೊಂಡ ಊರಲ್ಲ, ದುಡಿಯುವ ಊರು. ರೈಲು ನಿಲ್ದಾಣದಿಂದ ಸ್ವಲ್ಪವೇ ನಡೆದರೆ ಫೆರ್ರಿ ಕಟ್ಟೆ, ಅಲ್ಲಿಂದ ಅಮಾಲ್ಫಿಗೆ ಸುಮಾರು 35 ನಿಮಿಷ. ಕೋಣೆಗಳೂ ಪೊಸಿಟಾನೊದಷ್ಟು ಜೇಬು ಸುಡುವುದಿಲ್ಲ. ಆದರೆ ಆ ಫೆರ್ರಿಗಳು ವಸಂತದಿಂದ ಅಕ್ಟೋಬರ್‌ವರೆಗಿನವು. ನವೆಂಬರಿನಲ್ಲಿ ಹೋದವರಿಗೆ ಬಸ್ಸೊಂದೇ ಗತಿ.

ದ್ವೀಪದಿಂದ ದ್ವೀಪಕ್ಕೆ

ಎಲ್ಲರ ಕನಸೂ ಇದೇ, ಹೆಚ್ಚು ಜನ ಎಡವುವುದೂ ಇಲ್ಲೇ. ಏಳು ದಿನಕ್ಕೆ ಐದು ದ್ವೀಪ ಎಂದು ಬರೆದುಕೊಂಡು ಬರುವವರಿಗೆ ನಾನು ಒಂದು ಲೆಕ್ಕ ತೋರಿಸುತ್ತೇನೆ. ಹಡಗಿನ ಪ್ರಯಾಣ ಒಂದೇ ಗಂಟೆಯದ್ದಾದರೂ ಬೆಳಿಗ್ಗೆ ಕೋಣೆ ಖಾಲಿ ಮಾಡಬೇಕು, ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕಾಯಬೇಕು, ಇಳಿದ ಮೇಲೆ ಬಸ್ ಹುಡುಕಬೇಕು, ಹೊಸ ಕೋಣೆಯ ಬೀಗ ಕೈಗೆ ಬರುವವರೆಗೆ ಪೆಟ್ಟಿಗೆಯ ಕಾವಲು ಕಾಯಬೇಕು. ಒಂದೊಂದು ಬದಲಾವಣೆಗೂ ಅರ್ಧ ದಿನ. ಐದು ದ್ವೀಪವೆಂದರೆ ಎರಡೂವರೆ ದಿನ ಹೀಗೇ ಹೋಯಿತು. ಏಳು ದಿನಕ್ಕೆ ಎರಡು ದ್ವೀಪ, ಹತ್ತು ದಿನಕ್ಕೆ ಮೂರು. ಅದಕ್ಕಿಂತ ಹೆಚ್ಚಾದರೆ ನೋಡುವುದು ಬಂದರುಗಳನ್ನೇ.

ಗ್ರೀಸಿನ ಸೈಕ್ಲೇಡ್ಸ್ ದ್ವೀಪಗಳಿಗೆ ಮುಖ್ಯ ಬಾಗಿಲು ಪಿರೇಯಸ್ ಬಂದರು, ಅಥೆನ್ಸಿನ ಮೆಟ್ರೊ ಅಲ್ಲಿಯವರೆಗೂ ಹೋಗುತ್ತದೆ. ಅಲ್ಲಿ ಎರಡು ಬಗೆಯ ಹಡಗು ಸಿಗುತ್ತದೆ. ದೊಡ್ಡ, ನಿಧಾನದ ಫೆರ್ರಿ ನಾಕ್ಸೊಸ್‌ಗೆ ಐದು ಗಂಟೆಗೂ ಮೀರಿ ತೆಗೆದುಕೊಳ್ಳುತ್ತದೆ. ವೇಗದ ದೋಣಿ ಬೇಗ ಮುಟ್ಟಿಸುತ್ತದೆ, ದರ ಹೆಚ್ಚು, ಬಯಲು ಅಟ್ಟ (ಡೆಕ್) ಇರುವುದಿಲ್ಲ ಅಥವಾ ಹೆಸರಿಗಷ್ಟೇ. ನನ್ನ ಆಯ್ಕೆ ಯಾವಾಗಲೂ ನಿಧಾನದ್ದು. ಕಾರಣ ಗಾಳಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಕಡಲಿನ ಮೇಲೆ ಮೆಲ್ಟೆಮಿ ಎಂಬ ಉತ್ತರದ ಗಾಳಿ ದಿನಗಟ್ಟಲೆ ಬೀಸುತ್ತದೆ, ಆಕಾಶ ಮಾತ್ರ ತೊಳೆದಿಟ್ಟಂತೆ ನಿರ್ಮಲ. ಗಾಳಿ ಬೊಫೋರ್ಟ್ ಮಾಪಕದಲ್ಲಿ 8ರ ಆಸುಪಾಸು, ಅಂದರೆ ಗಂಟೆಗೆ 62 ಕಿಲೋಮೀಟರ್ ಮೀರಿತೆಂದರೆ ಅಧಿಕಾರಿಗಳು ಹಡಗುಗಳನ್ನು ಬಂದರಿನಲ್ಲೇ ತಡೆಯುತ್ತಾರೆ. ವೇಗದ ದೋಣಿಗಳು ಅದಕ್ಕೂ ಮೊದಲೇ ನಿಲ್ಲುತ್ತವೆ, ಓಡಿದರೂ ಹೊಟ್ಟೆ ತೊಳಸುತ್ತದೆ.

ಆದ್ದರಿಂದ ಮೊದಲು ದೂರದ ದ್ವೀಪಕ್ಕೆ ಹೋಗಿ, ಆಮೇಲೆ ಹತ್ತಿರದ್ದಕ್ಕೆ ಸರಿಯುತ್ತಾ ಬನ್ನಿ. ವಿಮಾನದ ಹಿಂದಿನ ರಾತ್ರಿ ಮುಖ್ಯ ಭೂಮಿಯಲ್ಲೇ ಮಲಗಿ. ಇದನ್ನು ಹೇಳಿದಾಗ "ಒಂದು ರಾತ್ರಿ ದಂಡ" ಎನ್ನುತ್ತಾರೆ. ಹೊಸ ವಿಮಾನ ಟಿಕೆಟಿಗೆ ಹೋಲಿಸಿ ನೋಡಲಿ.

ಯಾವ ದ್ವೀಪ? ಬಸ್ಸಿನ ದೃಷ್ಟಿಯಿಂದ ನಾಕ್ಸೊಸ್ ಒಳ್ಳೆಯದು. ಬಂದರು, ಬಸ್ ನಿಲ್ದಾಣ, ಹಳೆಯ ಊರು ಒಂದೆಡೆ, ನಡೆದು ಹೋಗುವಷ್ಟು ಹತ್ತಿರದಲ್ಲೇ ಮರಳ ತೀರ, ಉಳಿದ ತೀರಗಳಿಗೆ ಬಸ್ಸು. ಬಸ್ಸಿನ ಗೊಡವೆಯೇ ಬೇಡ ಎನ್ನುವವರಿಗೆ ಹೈಡ್ರಾ ಇದೆ. ಅಲ್ಲಿ ಕಾರುಗಳಿಲ್ಲ, ಸಾಮಾನು ಹೊರುವುದು ಹೇಸರಗತ್ತೆ. ಮೆಟ್ಟಿಲುಗಳು ಮಾತ್ರ ಬೇಕಾದಷ್ಟಿವೆ.

ಕ್ರೊಯೇಷಿಯಾದ ಡಾಲ್ಮೇಷಿಯಾದಲ್ಲಿ ಕಾರಿಲ್ಲದಿರುವುದೇ ಲಾಭವಾಗುವ ಒಂದು ಸ್ವಾರಸ್ಯವಿದೆ. ಹ್ವಾರ್ ದ್ವೀಪಕ್ಕೆ ಸ್ಪ್ಲಿಟ್‌ನಿಂದ ಹೋಗುವ ಕಾರು ಫೆರ್ರಿ ಎರಡು ಗಂಟೆ ತೆಗೆದುಕೊಂಡು ಸ್ಟಾರಿ ಗ್ರಾಡ್ ಕಡೆ ಇಳಿಸುತ್ತದೆ, ಹ್ವಾರ್ ಪಟ್ಟಣಕ್ಕೆ ಅಲ್ಲಿಂದ ಮತ್ತೆ ರಸ್ತೆ. ಜನರನ್ನು ಮಾತ್ರ ಒಯ್ಯುವ ಕಟಮರಾನ್ ದೋಣಿ ಸುಮಾರು ಒಂದು ಗಂಟೆಯಲ್ಲಿ ಪಟ್ಟಣದ ನಡುವಿಗೇ ತಂದು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಹ್ವಾರ್, ಕೊರ್ಚುಲಾ, ಡುಬ್ರೊವ್ನಿಕ್ ಎಂದು ದಕ್ಷಿಣಕ್ಕೆ ಸಾಗಬಹುದು, ಬಂದ ದಾರಿಯಲ್ಲೇ ಮರಳಬೇಕಿಲ್ಲ. ಗಾಳಿ ಎದ್ದು ದೋಣಿ ನಿಂತರೆ ಡುಬ್ರೊವ್ನಿಕ್‌ನಿಂದ ಸ್ಪ್ಲಿಟ್‌ಗೆ ಬಸ್ಸಿದೆ. 2022ರಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಬೋಸ್ನಿಯಾದ ಗಡಿ ದಾಟದೆಯೇ ಹೋಗುವ ದಾರಿಯೂ ಆಗಿದೆ. ಬಸ್ಸಿನ ಊರುಗೋಲು ಇರುವ ದ್ವೀಪಯಾತ್ರೆ ಎಂದರೆ ಇದು. ಮೊದಲ ಬಾರಿ ದ್ವೀಪ ಹಾಯುವವರಿಗೆ ಗ್ರೀಸಿಗಿಂತ ಇದನ್ನೇ ಹೇಳುತ್ತೇನೆ.

ಹಡಗೇ ಮನೆ

ನಾಲ್ಕನೆಯ ರೀತಿಗೆ ಹೆಸರಾದದ್ದು ನಾರ್ವೆ. ಬೆರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟಿಕೊಂಡು ಸಾಗುವ ಈ ಕರಾವಳಿ ಹಡಗುಸಾಲು 1893ರಲ್ಲಿ ಆರಂಭವಾಯಿತು. ಹೋಗಿಬರಲು 12 ದಿನ. ಈಗಲೂ ಅದು ಸರಕು ಇಳಿಸುತ್ತದೆ, ಊರಿನವರನ್ನು ಹತ್ತಿಸಿಕೊಳ್ಳುತ್ತದೆ. ಉತ್ತರಕ್ಕೆ ಹೋಗುವಾಗ ರಾತ್ರಿ ದಾಟಿದ ಬಂದರುಗಳನ್ನು ಮರಳುವಾಗ ಹಗಲಿನಲ್ಲಿ ಕಾಣಿಸುವಂತೆ ವೇಳೆ ಹೊಂದಿಸಿದ್ದಾರೆ.

ಪೆಟ್ಟಿಗೆ ಹೊರುವ, ಬಸ್ ತಪ್ಪುವ ಚಿಂತೆ ಇಲ್ಲ. ವಯಸ್ಸಾದವರಿಗೆ, ಚಳಿಗಾಲದಲ್ಲಿ ಹೊರಡುವವರಿಗೆ ಹೇಳಿ ಮಾಡಿಸಿದಂತಿದೆ. ಆದರೆ ನಾಲ್ಕರಲ್ಲಿ ಇದೇ ದುಬಾರಿ, ಊರುಗಳಲ್ಲಿ ಇಳಿದು ನೋಡಲು ಸಿಗುವ ಸಮಯವೂ ಕೆಲವೆಡೆ ಅರ್ಧ ಗಂಟೆಗಿಂತ ಕಡಿಮೆ. ದುಡ್ಡು ಅಷ್ಟಿಲ್ಲದವರು ಕೋಣೆ ಹಿಡಿಯದೆ ಒಂದು ತುಣುಕು ದಾರಿಯ ಟಿಕೆಟ್ ಮಾತ್ರ ಕೊಳ್ಳಬಹುದು. ಬೋಡೊದಿಂದ ಲೊಫೋಟೆನ್ ದ್ವೀಪಗಳ ಸ್ವೊಲ್ವೇರ್‌ಗೆ ಸುಮಾರು ಆರು ಗಂಟೆ. ದೂರದಲ್ಲಿ ಗೋಡೆಯಂತೆ ಏಳುವ ಬೆಟ್ಟಗಳ ಸಾಲು ಹತ್ತಿರವಾಗುತ್ತಾ ಬರುವುದನ್ನು ಅಟ್ಟದ ಮೇಲೆ ನಿಂತು ನೋಡಲು ಅಷ್ಟು ಸಾಕು. ಆಮೇಲೆ ಲೊಫೋಟೆನ್‌ನೊಳಗೆ ಬಸ್ಸು.

ಎರಡರ ನಡುವೆ ತೂಗುತ್ತಿದ್ದರೆ

ಇಷ್ಟಾದ ಮೇಲೂ ಎರಡು ಊರುಗಳ ನಡುವೆ ಮನಸ್ಸು ತೂಗುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ನೀವು ಹೋಗುವ ತಿಂಗಳಿನ ನಡುವಿನ ಒಂದು ಭಾನುವಾರವನ್ನು ಆರಿಸಿಕೊಳ್ಳಿ. ಎರಡೂ ಊರುಗಳ ಬಸ್ಸು, ಫೆರ್ರಿಗಳ ಆ ದಿನದ ವೇಳಾಪಟ್ಟಿ ತೆರೆದು, ಬೆಳಿಗ್ಗೆ ಕೋಣೆ ಬಿಟ್ಟು ಒಂದು ದೂರದ ತೀರಕ್ಕೆ ಹೋಗಿ ಸಂಜೆ ಮರಳುವ ದಾರಿಯನ್ನು ಗಂಟೆ ನಿಮಿಷ ಸಮೇತ ಕಾಗದದ ಮೇಲೆ ಬರೆಯಿರಿ. ಬರೆಯುವುದನ್ನು ಮರಳುವ ದೋಣಿಯಿಂದ ಶುರುಮಾಡಿ. ಒಂದು ಊರಿಗೆ ಅದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಕೊನೆಯದಕ್ಕಿಂತ ಹಿಂದಿನ ದೋಣಿಗೇ ಮರಳುವ ಅವಕಾಶವೂ ಉಳಿದಿರುತ್ತದೆ. ಇನ್ನೊಂದಕ್ಕೆ ಅರ್ಧ ಗಂಟೆಯಾದರೂ ಮುಗಿಯುವುದಿಲ್ಲ, ನಡುವೆಲ್ಲೋ ಮೂರು ಗಂಟೆಯ ಖಾಲಿ ಸಾಲು, ಅಂಕಿಗಳ ಪಕ್ಕ ಸಾಸಿವೆ ಕಾಳಿನಂಥ ನಕ್ಷತ್ರಗಳು. ಕೋಣೆಯ ಮುಂಗಡವನ್ನು ಮೊದಲನೆಯ ಊರಿಗೆ ಕಟ್ಟಿ.